ಟೆಸ್ಟ್ ಕೇಸ್‌ಗಳನ್ನು ತಾನಾಗಿ ಹುಟ್ಟಿಸುವುದು: ಪೈಥಾನ್ ಮತ್ತು ಹೈಪಾಥಿಸಿಸ್ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ

ಟೆಸ್ಟ್ ಕೇಸ್ ಅಂದರೆ ಕೋಡಿಗೆ ಒಂದು ಇನ್‌ಪುಟ್ ಕೊಟ್ಟು, ಬರುವ ಉತ್ತರ ಸರಿಯಾ ಅಂತ ನೋಡುವುದು. ಅದನ್ನು ಟೂಲಿನಿಂದ ಹುಟ್ಟಿಸುವ ಕೆಲಸಕ್ಕೆ ಕೈ ಹಾಕಿ ಸೋತವರು ನನ್ನ ಹತ್ತಿರ ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. ಟೂಲ್ ಹಾಕಿಕೊಂಡರು. ಅದು ನೂರಾರು ಟೆಸ್ಟ್ ಕೇಸ್ ಹುಟ್ಟಿಸಿತು. ಎಲ್ಲವೂ ಪಾಸ್. ಹದಿನೈದು ದಿನ ಕಳೆಯುವಷ್ಟರಲ್ಲಿ ಗ್ರಾಹಕರ ಬಿಲ್ಲಿನಲ್ಲಿ ಲೆಕ್ಕ ತಪ್ಪಿತು. "ಇದೆಲ್ಲ ನಮ್ಮ ಪ್ರಾಜೆಕ್ಟಿಗೆ ಆಗಿಬರಲ್ಲ" ಅಂತ ಟೂಲನ್ನೇ ಕಿತ್ತುಹಾಕಿದರು.

ಅವರೆಲ್ಲ ಎಡವಿದ್ದು ಕ್ರಮದಲ್ಲಿ. ಟೂಲಿಗೆ ಇನ್‌ಪುಟ್ ಹುಟ್ಟಿಸಲು ಬರುತ್ತದೆ. ಆ ಇನ್‌ಪುಟ್‌ಗೆ ಸರಿಯಾದ ಉತ್ತರ ಯಾವುದು ಅಂತ ಅದಕ್ಕೆ ಗೊತ್ತಿರುವುದಿಲ್ಲ, ನಾವೇ ಹೇಳಿಕೊಡಬೇಕು. ಹಾಗಾಗಿ ಮೊದಲು "ಯಾವುದು ಸರಿ" ಅನ್ನುವ ನಿಯಮ, ಆಮೇಲೆ "ಎಂಥ ಇನ್‌ಪುಟ್ ಬೇಕು" ಅನ್ನುವ ತೀರ್ಮಾನ, ಕೊನೆಗೆ ಟೂಲ್ ಓಡಿಸುವುದು. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

## ಬೇಕಾಗುವ ಸಾಮಾನು

ಪೈಥಾನ್ 3, ಟೆಸ್ಟ್ ಓಡಿಸುವ ಪೈಟೆಸ್ಟ್, ಇನ್‌ಪುಟ್ ಹುಟ್ಟಿಸುವ ಹೈಪಾಥಿಸಿಸ್. ಕೊನೆಯ ಎರಡನ್ನೂ ಪೈಥಾನಿನ ಪ್ಯಾಕೇಜ್ ಹಾಕುವ ಪಿಪ್‌ನಿಂದ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಪ್ರಾಜೆಕ್ಟಿಗೊಂದು ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಪ್ರಾಜೆಕ್ಟಿಗಷ್ಟೇ ಸೇರಿದ ಪೈಥಾನ್ ಜಾಗ) ಮಾಡಿ ಅದರೊಳಗೇ ಹಾಕಿ. ಜೊತೆಗೆ ಕೋಡ್ ಗಿಟ್‌ನಲ್ಲಿರಲಿ, ಅದು ಕೋಡಿನ ಹಳೆಯ ರೂಪಗಳನ್ನು ಉಳಿಸಿಡುವ ಟೂಲ್. ಮುಂದೆ ಬೇಕಂತಲೇ ಕೋಡ್ ಕೆಡಿಸುವ ಹೆಜ್ಜೆಯೊಂದಿದೆ, ಆಗ ಹಿಂದಕ್ಕೆ ಬರಲು ದಾರಿ ಬೇಕು.

ಕೆಳಗೆ ಕೋಡ್ ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಡೆಫ್, ರಿಟರ್ನ್, ಗಿವನ್, ಟೆಸ್ಟ್ ಇಂಥ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಮೊತ್ತ, ಜನ ಮುಂತಾದ ನಮ್ಮ ಹೆಸರುಗಳನ್ನು ಕನ್ನಡದಲ್ಲೇ ಬಿಟ್ಟರೂ ಪೈಥಾನ್ 3 ಒಪ್ಪಿಕೊಳ್ಳುತ್ತದೆ.

## ಹಂತ 1: ಚಿಕ್ಕದೊಂದು ಫಂಕ್ಷನ್ ಆರಿಸಿ

ಇಡೀ ಆ್ಯಪ್‌ಗೆ ಒಂದೇ ಸಲ ಟೆಸ್ಟ್ ಹುಟ್ಟಿಸಲು ಹೊರಡಬೇಡಿ. ಇನ್‌ಪುಟ್ ತೆಗೆದುಕೊಂಡು ಉತ್ತರ ಕೊಟ್ಟು ಸುಮ್ಮನಾಗುವ ಫಂಕ್ಷನ್ ಹುಡುಕಿ. ಡೇಟಾಬೇಸ್ ಮುಟ್ಟಬಾರದು, ಇವತ್ತಿನ ದಿನಾಂಕ ಕೇಳಬಾರದು, ನೆಟ್‌ವರ್ಕ್‌ಗೆ ಹೋಗಬಾರದು. ಲೆಕ್ಕ ಹಾಕುವ, ಪಠ್ಯ ಬಿಡಿಸುವ, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಫಂಕ್ಷನ್‌ಗಳು ಮೊದಲ ಪ್ರಯತ್ನಕ್ಕೆ ತಕ್ಕವು.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ಟೂಲ್ ನಿಮ್ಮ ಫಂಕ್ಷನ್ನನ್ನು ನಿಜವಾಗಿಯೂ ಓಡಿಸುತ್ತದೆ, ಒಂದು ಸಲ ಅಲ್ಲ, ನೂರಾರು ಸಲ. ಅದರೊಳಗೆ ಎಸ್ಸೆಮ್ಮೆಸ್ ಕಳಿಸುವ ಸಾಲಿದ್ದರೆ ನೂರಾರು ಎಸ್ಸೆಮ್ಮೆಸ್ ಹೋಗುತ್ತವೆ. ಫೈಲ್ ಅಳಿಸುವ ಸಾಲಿದ್ದರೆ ಟೂಲ್ ಹುಟ್ಟಿಸಿದ ಯಾವುದೋ ಹೆಸರಿನ ಫೈಲ್ ಅಳಿಸಿಹೋಗಬಹುದು. ನಿಜವಾದ ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡಲೇಬೇಡಿ.

ನಾವು ಇಲ್ಲಿ ಹಂಚಿಕೆಯ ಫಂಕ್ಷನ್ ತೆಗೆದುಕೊಳ್ಳೋಣ. ಹೋಟೆಲಿನಲ್ಲಿ ಊಟ ಮಾಡಿದ ಗೆಳೆಯರು ಬಿಲ್ಲನ್ನು ಸಮನಾಗಿ ಹಂಚಿಕೊಳ್ಳಬೇಕು. ಮೊತ್ತ ಪೈಸೆಗಳಲ್ಲಿದೆ, ಪೂರ್ಣಾಂಕ. ದುಡ್ಡನ್ನು ದಶಾಂಶದ ಫ್ಲೋಟ್‌ನಲ್ಲಿ ಇಡಬೇಡಿ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ.

```
ಡೆಫ್ ಹಂಚು(ಮೊತ್ತ, ಜನ):
    ಪಾಲು = ಮೊತ್ತ // ಜನ
    ರಿಟರ್ನ್ [ಪಾಲು] * ಜನ
```

300 ರೂಪಾಯಿಯನ್ನು 3 ಜನಕ್ಕೆ ಹಂಚಿದರೆ ತಲಾ 100. ಕೈಯಲ್ಲಿ ಟೆಸ್ಟ್ ಬರೆಯುವವರು ಬಹುತೇಕ ಇದನ್ನೇ ಬರೆಯುತ್ತಾರೆ, ಪಾಸ್ ಆಗುತ್ತದೆ.

## ಹಂತ 2: ಟೂಲ್ ಮುಟ್ಟುವ ಮೊದಲು ನಿಯಮ ಬರೆಯಿರಿ

ಅತಿ ಹೆಚ್ಚು ಹೊತ್ತು ಇಲ್ಲೇ ಕಳೆಯಬೇಕು. ಒಂದು ಹಾಳೆ ತೆಗೆದುಕೊಂಡು, ಯಾವ ಇನ್‌ಪುಟ್ ಬಂದರೂ ತಪ್ಪಬಾರದ ಮಾತುಗಳನ್ನು ಕನ್ನಡದಲ್ಲೇ ಬರೆಯಿರಿ. ಟೆಸ್ಟಿಂಗ್‌ನವರು ಇದಕ್ಕೆ ಪ್ರಾಪರ್ಟಿ ಅನ್ನುತ್ತಾರೆ. ನಾನು ನಿಯಮ ಅನ್ನುತ್ತೇನೆ.

ಹಂಚಿಕೆಗೆ ಮೂರು ನಿಯಮ ಸಿಗುತ್ತವೆ. ಎಲ್ಲರ ಪಾಲು ಕೂಡಿಸಿದರೆ ಬಿಲ್ಲಿನ ಮೊತ್ತ ಬರಬೇಕು. ಎಷ್ಟು ಜನ ಇದ್ದಾರೋ ಅಷ್ಟೇ ಪಾಲುಗಳಿರಬೇಕು. ಅತಿ ದೊಡ್ಡ ಪಾಲಿಗೂ ಅತಿ ಚಿಕ್ಕ ಪಾಲಿಗೂ ಒಂದು ಪೈಸೆಗಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಮೂರನೆಯದನ್ನು ಬಿಟ್ಟರೆ ಏನಾಗುತ್ತದೆ ಯೋಚಿಸಿ. ಎಲ್ಲರಿಗೂ ಸೊನ್ನೆ ಕೊಟ್ಟು, ಪೂರ್ತಿ ಬಿಲ್ಲನ್ನು ಕೊನೆಯವನ ತಲೆಗೆ ಕಟ್ಟುವ ಕೋಡ್ ಕೂಡ ಮೊದಲೆರಡು ನಿಯಮಗಳಲ್ಲಿ ಪಾಸ್ ಆಗುತ್ತದೆ! ಒಟ್ಟು ಸರಿ, ಎಣಿಕೆಯೂ ಸರಿ, ಹಂಚಿಕೆ ಮಾತ್ರ ಅನ್ಯಾಯ. ನಿಯಮ ಬರೆದ ಮೇಲೆ ಪ್ರತಿ ಸಲ ಈ ಪ್ರಶ್ನೆ ಕೇಳಿಕೊಳ್ಳಿ: ಈ ನಿಯಮಗಳನ್ನೆಲ್ಲ ಪಾಲಿಸಿಯೂ ತಪ್ಪು ಕೆಲಸ ಮಾಡುವ ಕೋಡ್ ಬರೆಯಲು ನನಗೆ ಆಗುತ್ತದಾ? ಆಗುತ್ತದೆ ಅಂದರೆ ಇನ್ನೊಂದು ನಿಯಮ ಬೇಕು.

ನಿಯಮವೇ ಹೊಳೆಯುತ್ತಿಲ್ಲ ಅನ್ನುವವರಿಗೆ ಕೆಲವು ಜಾಡುಗಳಿವೆ.

ಹೋಗಿ ಬಂದರೆ ಅದೇ ಸಿಗಬೇಕು. ಸಂಖ್ಯೆಯನ್ನು ಲಕ್ಷ, ಕೋಟಿ ಲೆಕ್ಕದಲ್ಲಿ ಅಲ್ಪವಿರಾಮ ಹಾಕಿ ಬರೆಯುವ ಫಂಕ್ಷನ್ ಇದೆ ಅನ್ನಿ. 1234567 ಕೊಟ್ಟರೆ 12,34,567. ಅಲ್ಪವಿರಾಮ ತೆಗೆದು ಮತ್ತೆ ಸಂಖ್ಯೆ ಮಾಡಿದರೆ 1234567 ಬರಬೇಕು. ಒಳ್ಳೆಯ ನಿಯಮ, ಆದರೆ ಸಾಲದು. 1,234,567 ಅಂತ ಪಾಶ್ಚಾತ್ಯ ರೀತಿಯಲ್ಲಿ ಬರೆದರೂ ಈ ನಿಯಮ ಪಾಸ್ ಆಗಿಬಿಡುತ್ತದೆ. ಕೊನೆಯ ಗುಂಪಿನಲ್ಲಿ ಮೂರು ಅಂಕಿ, ಮಧ್ಯದ ಗುಂಪುಗಳಲ್ಲಿ ಎರಡೆರಡು, ಮೊದಲ ಗುಂಪಿನಲ್ಲಿ ಒಂದು ಅಥವಾ ಎರಡು ಅಂತ ಜೊತೆಗೆ ಹೇಳಬೇಕು. ಸಾವಿರದೊಳಗಿನ ಸಂಖ್ಯೆಗೆ ಅಲ್ಪವಿರಾಮವೇ ಇರಬಾರದು ಅನ್ನುವುದನ್ನೂ ಮರೆಯಬೇಡಿ.

ಎರಡು ಸಲ ಮಾಡಿದರೂ ಒಂದು ಸಲ ಮಾಡಿದಂತೆಯೇ ಇರಬೇಕು. ಹೆಸರಿನ ಹಿಂದೆ ಮುಂದೆ ಇರುವ ಸ್ಪೇಸ್ ತೆಗೆಯುವ ಫಂಕ್ಷನ್, ಪಟ್ಟಿಯನ್ನು ವಿಂಗಡಿಸುವ ಫಂಕ್ಷನ್ ಇಂಥವು.

ಹಳೆಯದೂ ಹೊಸದೂ ಒಂದೇ ಉತ್ತರ ಕೊಡಬೇಕು. ಕೋಡ್ ಅನ್ನು ವೇಗ ಮಾಡಲು ತಿದ್ದಿ ಬರೆದಾಗ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ. ನಿಧಾನದ ಹಳೇ ಕೋಡನ್ನು ಟೆಸ್ಟ್ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.

ಏನೇ ಕೊಟ್ಟರೂ ಕುಸಿದು ಬೀಳಬಾರದು. ಇದು ಅತಿ ದುರ್ಬಲ ನಿಯಮ. ಆದರೂ ಹೊರಗಿನವರು ಟೈಪ್ ಮಾಡಿದ್ದನ್ನು ಓದುವ ಕೋಡಿಗೆ ಇದೊಂದೇ ಎಷ್ಟೋ ದೋಷ ಹಿಡಿದುಕೊಡುತ್ತದೆ.

ಮಾಡಬಾರದ ಕೆಲಸ ಒಂದಿದೆ. ಫಂಕ್ಷನ್ನಿನಲ್ಲಿರುವ ಸೂತ್ರವನ್ನೇ ಟೆಸ್ಟಿನಲ್ಲಿ ಮತ್ತೆ ಬರೆದು ಎರಡನ್ನೂ ಹೋಲಿಸುವುದು. ಸೂತ್ರ ತಪ್ಪಿದ್ದರೆ ಎರಡೂ ಕಡೆ ತಪ್ಪಿರುತ್ತದೆ, ಟೆಸ್ಟ್ ಖುಷಿಯಾಗಿ ಪಾಸ್ ಆಗುತ್ತದೆ.

## ಹಂತ 3: ಮೊದಲ ಟೆಸ್ಟ್ ಬರೆದು ಓಡಿಸಿ

ಹೈಪಾಥಿಸಿಸ್‌ನಿಂದ ಗಿವನ್ ಅನ್ನುವ ಡೆಕೊರೇಟರ್ (ಫಂಕ್ಷನ್ನಿನ ಮೇಲೆ @ ಹಾಕಿ ಬರೆಯುವ ಸಾಲು) ಮತ್ತು ಸ್ಟ್ರಾಟಜೀಸ್ ಮಾಡ್ಯೂಲ್ ಇಂಪೋರ್ಟ್ ಮಾಡಿಕೊಳ್ಳಿ. ಸ್ಟ್ರಾಟಜಿ ಅಂದರೆ ಇನ್‌ಪುಟ್ ಹುಟ್ಟಿಸುವ ಯಂತ್ರ. ಇಂಟಿಜರ್ಸ್ ಪೂರ್ಣಾಂಕ ಹುಟ್ಟಿಸುತ್ತದೆ, ಟೆಕ್ಸ್ಟ್ ಪಠ್ಯ, ಲಿಸ್ಟ್ಸ್ ಪಟ್ಟಿ.

```
@ಗಿವನ್(ಮೊತ್ತ=ಇಂಟಿಜರ್ಸ್(0, 10000000), ಜನ=ಇಂಟಿಜರ್ಸ್(1, 50))
ಡೆಫ್ ಟೆಸ್ಟ್_ಹಂಚು(ಮೊತ್ತ, ಜನ):
    ಪಾಲುಗಳು = ಹಂಚು(ಮೊತ್ತ, ಜನ)
    ಅಸರ್ಟ್ ಸಮ್(ಪಾಲುಗಳು) == ಮೊತ್ತ
    ಅಸರ್ಟ್ ಲೆನ್(ಪಾಲುಗಳು) == ಜನ
    ಅಸರ್ಟ್ ಮ್ಯಾಕ್ಸ್(ಪಾಲುಗಳು) - ಮಿನ್(ಪಾಲುಗಳು) <= 1
```

ಜನ ಅನ್ನುವುದಕ್ಕೆ 1ರಿಂದ 50 ಅಂತ ಮಿತಿ ಹಾಕಿದ್ದನ್ನು ನೋಡಿ. ಮೇಲಿನ ಮಿತಿ ಮರೆತರೆ ಟೂಲ್ ದೈತ್ಯ ಸಂಖ್ಯೆಯೊಂದನ್ನು ಕೊಡುತ್ತದೆ. ಅಷ್ಟು ಉದ್ದದ ಪಟ್ಟಿ ಮಾಡಲು ಹೋಗಿ ಕಂಪ್ಯೂಟರ್ ನಿಂತುಬಿಡುತ್ತದೆ, ಇಲ್ಲವೇ ಮೆಮೊರಿ ಎರರ್ ಬರುತ್ತದೆ. "ಹೈಪಾಥಿಸಿಸ್ ಹ್ಯಾಂಗ್ ಆಗ್ತಿದೆ" ಅಂತ ದೂರುವವರಲ್ಲಿ ಹಲವರ ತೊಂದರೆ ಇದೇ. ಕೆಳಗಿನ ಮಿತಿ ಮರೆತರೆ ಸೊನ್ನೆ ಬಂದು ಭಾಗಾಕಾರವೇ ಕೆಡುತ್ತದೆ. ಆಗ ಸುಮ್ನೆ 1 ಅಂತ ತಿದ್ದಿ ಮುಂದೆ ಹೋಗಬೇಡಿ. ಸೊನ್ನೆ ಜನ ಬಂದರೆ ಫಂಕ್ಷನ್ ಏನು ಮಾಡಬೇಕು ಅಂತ ತೀರ್ಮಾನಿಸಿ, ಅದಕ್ಕೆ ಬೇರೆ ಟೆಸ್ಟ್ ಬರೆಯಿರಿ.

ಟರ್ಮಿನಲ್‌ನಲ್ಲಿ ಪೈಟೆಸ್ಟ್ ಓಡಿಸಿ. ನಾವಾಗಿ ಏನೂ ಹೇಳದಿದ್ದರೆ ಹೈಪಾಥಿಸಿಸ್ ಒಂದು ಟೆಸ್ಟಿಗೆ 100 ಇನ್‌ಪುಟ್ ಪ್ರಯತ್ನಿಸುತ್ತದೆ. ನಮ್ಮ ಟೆಸ್ಟ್ ಅಷ್ಟು ದೂರ ಹೋಗುವುದಿಲ್ಲ, ಕೂಡಲೇ ಫೇಲ್ ಆಗುತ್ತದೆ.

## ಹಂತ 4: ಫೇಲ್ ಆದದ್ದನ್ನು ಓದುವುದು ಕಲಿಯಿರಿ

ಪರದೆಯ ತುಂಬ ಕೆಂಪು ಸಾಲುಗಳು. ಗಾಬರಿ ಬೇಡ. ಫಾಲ್ಸಿಫೈಯಿಂಗ್ ಎಕ್ಸಾಂಪಲ್ (ನಿಯಮ ಮುರಿದ ಇನ್‌ಪುಟ್) ಅಂತ ಬರೆದಿರುವ ಜಾಗ ಹುಡುಕಿ. ಅಲ್ಲಿ ಹೀಗಿರುತ್ತದೆ: ಮೊತ್ತ=1, ಜನ=2.

ಅಷ್ಟೇ. ಒಂದು ಪೈಸೆ, ಇಬ್ಬರು ಜನ. ಒಂದನ್ನು ಎರಡರಿಂದ ಭಾಗಿಸಿದರೆ ಭಾಗಲಬ್ಧ ಸೊನ್ನೆ, ಇಬ್ಬರಿಗೂ ಸೊನ್ನೆ, ಆ ಒಂದು ಪೈಸೆ ಮಾಯ.

ಟೂಲ್ ಮೊದಲಿಗೆ ಎಡವಿದ್ದು ಇದರ ಮೇಲೆ ಇರಲಿಕ್ಕಿಲ್ಲ. ಲಕ್ಷಗಟ್ಟಲೆ ಪೈಸೆ, ಇಪ್ಪತ್ತೋ ಮೂವತ್ತೋ ಜನ ಇರುವ ಯಾವುದೋ ಕೇಸ್ ಸಿಕ್ಕಿರುತ್ತದೆ. ಆಮೇಲೆ ಅದನ್ನು ಕಡಿಮೆ ಮಾಡುತ್ತಾ, ಪ್ರತಿ ಸಲ ಮತ್ತೆ ಓಡಿಸಿ, ಇನ್ನೂ ಫೇಲ್ ಆಗುತ್ತದಾ ಅಂತ ನೋಡುತ್ತಾ, ಇನ್ನು ಚಿಕ್ಕದು ಸಿಗದ ಕಡೆ ನಿಲ್ಲುತ್ತದೆ. ಇದಕ್ಕೆ ಶ್ರಿಂಕಿಂಗ್ ಅನ್ನುತ್ತಾರೆ. ನನ್ನ ಮಟ್ಟಿಗೆ ಈ ಟೂಲಿನ ದೊಡ್ಡ ಉಪಕಾರ ಇದೇ. ತಲೆಯಲ್ಲೇ ಲೆಕ್ಕ ಹಾಕಬಹುದಾದಷ್ಟು ಚಿಕ್ಕ ಕೇಸ್ ಕೈಗೆ ಕೊಡುತ್ತದೆ.

ಫೇಲ್ ಆದಾಗ ತಪ್ಪು ಮೂರು ಕಡೆ ಇರಬಹುದು: ಕೋಡ್, ನಿಯಮ, ಇನ್‌ಪುಟ್‌ನ ಮಿತಿ. ಕಾಗದದ ಮೇಲೆ ಕೈಯಲ್ಲಿ ಲೆಕ್ಕ ಹಾಕಿ ಯಾವುದು ಅಂತ ಮೊದಲು ನಿರ್ಧರಿಸಿ. ಇಲ್ಲಿ ತಪ್ಪು ಕೋಡಿನದು. ಶೇಷವನ್ನೂ ಹಂಚಬೇಕು. 10000 ಪೈಸೆಯನ್ನು 3 ಜನಕ್ಕೆ ಹಂಚಿದಾಗ ಶೇಷ 1 ಉಳಿಯುತ್ತದೆ. ಮೊದಲನೆಯವರಿಗೆ 3334, ಉಳಿದಿಬ್ಬರಿಗೆ 3333. ಶೇಷ ಎಷ್ಟಿದೆಯೋ ಅಷ್ಟು ಜನಕ್ಕೆ ಒಂದೊಂದು ಪೈಸೆ ಸೇರಿಸುವಂತೆ ತಿದ್ದಿ, ಮತ್ತೆ ಓಡಿಸಿ. ಪಾಸ್.

ಅತಿ ಕೆಟ್ಟ ಅಭ್ಯಾಸ: ಟೆಸ್ಟ್ ಫೇಲ್ ಆದ ಕೂಡಲೇ ಫೇಲ್ ಆದ ಇನ್‌ಪುಟ್ ಮತ್ತೆ ಬಾರದಂತೆ ಮಿತಿ ಬಿಗಿ ಮಾಡುವುದು. "ಒಂದು ಪೈಸೆ ಬಿಲ್ ಯಾರು ಮಾಡ್ತಾರೆ, ಮೊತ್ತ 100ರಿಂದ ಶುರು ಮಾಡೋಣ" ಅನ್ನುವವರಿದ್ದಾರೆ. ಅವರಿಗೆ ಮುಂದೆ ಸಿಗುವುದು ಮೊತ್ತ=100, ಜನ=3. ಅದನ್ನೂ ತಪ್ಪಿಸಿದರೆ ಇನ್ನೊಂದು. ಚಿಕ್ಕ ಕೇಸ್ ಅಸಂಬದ್ಧವಾಗಿ ಕಂಡರೂ ಅದರ ಹಿಂದಿರುವ ದೋಷ ದೊಡ್ಡ ಮೊತ್ತಕ್ಕೂ ಇರುತ್ತದೆ.

## ಹಂತ 5: ಸಿಕ್ಕ ಕೇಸನ್ನು ಕಟ್ಟಿಹಾಕಿ

ಫೇಲ್ ಆದ ಇನ್‌ಪುಟ್‌ಗಳನ್ನು ಹೈಪಾಥಿಸಿಸ್ ಪ್ರಾಜೆಕ್ಟಿನೊಳಗಿನ ಒಂದು ಫೋಲ್ಡರಿನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಚುಕ್ಕಿಯಿಂದ ಶುರುವಾಗುವ ಹೆಸರು, ಹಾಗಾಗಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಸಲ ಅದನ್ನೇ ಮೊದಲು ಪ್ರಯತ್ನಿಸುತ್ತದೆ. ಆದರೆ ಆ ಫೋಲ್ಡರ್ ನಿಮ್ಮ ಕಂಪ್ಯೂಟರಿನಲ್ಲಿದೆ, ಪಕ್ಕದವರ ಹತ್ತಿರ ಇಲ್ಲ. ಅದನ್ನು ಗಿಟ್‌ಗೆ ಸೇರಿಸುವ ರೂಢಿಯೂ ಇಲ್ಲ. ಗಿಟ್ ಇಗ್ನೋರ್ ಪಟ್ಟಿಗೆ ಹಾಕಿಬಿಡಿ.

ಬದಲಿಗೆ ಟೆಸ್ಟಿನ ಮೇಲೆ ಎಕ್ಸಾಂಪಲ್ ಡೆಕೊರೇಟರ್ ಹಾಕಿ: @ಎಕ್ಸಾಂಪಲ್(ಮೊತ್ತ=1, ಜನ=2). ಈಗ ಪ್ರತಿ ಸಲ, ಪ್ರತಿ ಕಂಪ್ಯೂಟರಿನಲ್ಲೂ ಈ ಕೇಸ್ ತಪ್ಪದೆ ಓಡುತ್ತದೆ. ಪಕ್ಕದಲ್ಲಿ ಒಂದು ಸಾಲಿನ ಟಿಪ್ಪಣಿ ಬರೆಯಿರಿ. ಆರು ತಿಂಗಳ ನಂತರ ನಿಮಗೇ ಬೇಕಾಗುತ್ತದೆ.

## ಹಂತ 6: ಇನ್‌ಪುಟ್ ಆಳಕ್ಕೆ ಇಳಿಯುತ್ತಿದೆಯಾ ನೋಡಿ

"ನೂರೂ ಪಾಸ್, ಆದರೂ ದೋಷ ಉಳಿಯಿತು" ಅನ್ನುವ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಪಿನ್ ಕೋಡ್ ಸರಿಯಿದೆಯಾ ಅಂತ ಪರೀಕ್ಷಿಸುವ ಫಂಕ್ಷನ್. ಮೊದಲು ಸ್ಪೇಸ್ ತೆಗೆಯುತ್ತದೆ. ಆರು ಅಕ್ಷರ ಇದೆಯಾ ನೋಡುತ್ತದೆ. ಪೈಥಾನಿನ ಈಸ್‌ಡಿಜಿಟ್ ಮೆಥಡ್ ಕರೆದು ಎಲ್ಲವೂ ಅಂಕಿಯಾ ಅಂತ ಕೇಳುತ್ತದೆ. ಹೌದಾದರೆ ಇಂಟ್ ಬಳಸಿ ಸಂಖ್ಯೆ ಮಾಡಿ, 100000ಕ್ಕಿಂತ ಕಮ್ಮಿ ಇದ್ದರೆ ಬೇಡ ಅನ್ನುತ್ತದೆ, ಯಾಕೆಂದರೆ ನಮ್ಮ ಪಿನ್ ಕೋಡ್ ಸೊನ್ನೆಯಿಂದ ಶುರುವಾಗುವುದಿಲ್ಲ. ಕೋಡ್ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ನಿಯಮ: ಯಾವ ಪಠ್ಯ ಕೊಟ್ಟರೂ ಹೌದು ಅಥವಾ ಇಲ್ಲ ಅನ್ನಬೇಕು, ಎರರ್ ಎಸೆಯಬಾರದು. ಇನ್‌ಪುಟ್: ಟೆಕ್ಸ್ಟ್ ಸ್ಟ್ರಾಟಜಿ, ಹಾಗೇ. ಓಡಿಸಿದರೆ ನೂರಕ್ಕೆ ನೂರು ಪಾಸ್.

ಆದರೆ ಟೆಕ್ಸ್ಟ್ ಹುಟ್ಟಿಸುವುದು ಯೂನಿಕೋಡ್ ಅನ್ನುವ ಎಲ್ಲ ಲಿಪಿಗಳ ಅಕ್ಷರಪಟ್ಟಿಯ ಉದ್ದಗಲದಿಂದ ಎತ್ತಿಕೊಂಡ ಅಕ್ಷರಗಳನ್ನು. ಅವುಗಳಲ್ಲಿ ಸರಿಯಾಗಿ ಆರು ಅಕ್ಷರ, ಆರಕ್ಕೆ ಆರೂ ಅಂಕಿ ಆಗಿರುವ ಪಠ್ಯ ಬರುವ ಸಂಭವ ತೀರಾ ಕಮ್ಮಿ. ನೂರೂ ಇನ್‌ಪುಟ್‌ಗಳು ಬಾಗಿಲಲ್ಲೇ "ಇಲ್ಲ" ಅನ್ನಿಸಿಕೊಂಡು ವಾಪಸ್ಸಾದವು. ಇಂಟ್ ಇರುವ ಸಾಲನ್ನು ಒಂದೂ ಮುಟ್ಟಲಿಲ್ಲ.

ಇದು ಗೊತ್ತಾಗುವುದು ಹೇಗೆ? ಹೈಪಾಥಿಸಿಸ್‌ನ ಇವೆಂಟ್ ಫಂಕ್ಷನ್ ಇದೆ. ಟೆಸ್ಟಿನೊಳಗೆ ಬಂದ ಉತ್ತರವನ್ನು ಇವೆಂಟ್‌ಗೆ ಕೊಡಿ. ಪೈಟೆಸ್ಟ್ ಓಡಿಸುವಾಗ ಹೈಪಾಥಿಸಿಸ್ ಶೋ ಸ್ಟ್ಯಾಟಿಸ್ಟಿಕ್ಸ್ ಆಯ್ಕೆ ಸೇರಿಸಿ. ಯಾವ ಉತ್ತರ ಶೇಕಡಾ ಎಷ್ಟು ಸಲ ಬಂತು ಅಂತ ಕೊನೆಯಲ್ಲಿ ಪಟ್ಟಿ ಕೊಡುತ್ತದೆ. ಅಲ್ಲಿ "ಇಲ್ಲ" ಶೇಕಡಾ 100 ಅಂತ ಕಂಡರೆ ಟೆಸ್ಟ್ ಏನನ್ನೂ ಪರೀಕ್ಷಿಸಿಲ್ಲ ಅಂತ ಅರ್ಥ. ಹೊಸ ಟೆಸ್ಟ್ ಬರೆದಾಗಲೆಲ್ಲ ಈ ಪಟ್ಟಿ ಒಂದು ಸಲ ನೋಡಿ. ಎರಡು ನಿಮಿಷದ ಕೆಲಸ.

ಈಗ ಇನ್‌ಪುಟ್ ತಿದ್ದೋಣ. ಅಕ್ಷರಗಳು ಒಂದು ಚಿಕ್ಕ ಗುಂಪಿನಿಂದ ಮಾತ್ರ ಬರಲಿ: 0ಯಿಂದ 9, ೦ಯಿಂದ ೯, ಸ್ಪೇಸ್, ಮತ್ತು ಮೇಲ್ಬರಹದ ² ಮತ್ತು ³. ಉದ್ದ ಐದರಿಂದ ಏಳು. ಓಡಿಸಿದ ಕೂಡಲೇ ಫೇಲ್. ಶ್ರಿಂಕಿಂಗ್ ಆದ ಮೇಲೆ ಸಿಗುವ ಕೇಸ್ ಹೆಚ್ಚುಕಡಿಮೆ ಹೀಗಿರುತ್ತದೆ: 00000².

ಏನಾಯಿತು ಅಂದರೆ, ² ಅಂಕಿಯಾ ಅಂತ ಈಸ್‌ಡಿಜಿಟ್ ಕೇಳಿದರೆ ಪೈಥಾನ್ ಹೌದು ಅನ್ನುತ್ತದೆ. ಅದನ್ನೇ ಇಂಟ್‌ಗೆ ಕೊಟ್ಟರೆ ವ್ಯಾಲ್ಯೂ ಎರರ್ ಎಸೆಯುತ್ತದೆ. ಇಂಟ್ ಓದಬಲ್ಲ ಅಂಕಿಗಳನ್ನು ಮಾತ್ರ ಒಪ್ಪುವುದು ಈಸ್‌ಡೆಸಿಮಲ್. ಅದನ್ನು ಹಾಕಿದರೆ ಎರರ್ ನಿಲ್ಲುತ್ತದೆ.

ಕೆಲಸ ಮುಗಿಯಲಿಲ್ಲ. ಬೆಂಗಳೂರು ಜಿಪಿಒದ ಪಿನ್ ಕೋಡ್ 560001. ಯಾರೋ ಕನ್ನಡ ಕೀಲಿಮಣೆಯಲ್ಲಿ ೫೬೦೦೦೧ ಅಂತ ಹಾಕಿದರು. ಈಸ್‌ಡೆಸಿಮಲ್ ಒಪ್ಪುತ್ತದೆ. ಇಂಟ್ ಕೂಡ ಸರಿಯಾಗಿ 560001 ಅಂತ ಓದುತ್ತದೆ. ಆದರೆ ಬಳಕೆದಾರ ಕೊಟ್ಟ ಪಠ್ಯವನ್ನೇ ಡೇಟಾಬೇಸಿಗೆ ಬರೆದರೆ, ಅಲ್ಲಿ ಒಂದೇ ಊರಿಗೆ ಎರಡು ಬೇರೆ ಬೇರೆ ಪಿನ್ ಕೋಡ್ ಕೂರುತ್ತವೆ, ಹುಡುಕಿದರೆ ಅರ್ಧ ಸಿಗುವುದಿಲ್ಲ. ಕನ್ನಡ ಅಂಕಿ ಬಂದರೆ ಬೇಡ ಅನ್ನಬೇಕಾ, ಒಪ್ಪಿಕೊಂಡು ಬದಲಿಸಿ ಇಡಬೇಕಾ? ನಾನಂತೂ ಒಪ್ಪಿಕೊಂಡು, ಇಂಟ್ ಮಾಡಿ, ಆ ಸಂಖ್ಯೆಯನ್ನೇ ಉಳಿಸಿ ಅನ್ನುತ್ತೇನೆ. ನಮ್ಮ ಭಾಷೆಯ ಅಂಕಿ ಹಾಕಿದ ಮನುಷ್ಯ ಯಾವ ತಪ್ಪೂ ಮಾಡಿಲ್ಲ, ಅಲ್ವಾ? ಆದರೆ ಆ ತೀರ್ಮಾನ ಯಾವ ಟೂಲೂ ಮಾಡಿಕೊಡುವುದಿಲ್ಲ. ನೀವು ತೀರ್ಮಾನಿಸಿ, ಅದನ್ನು ಹೊಸ ನಿಯಮವಾಗಿ ಟೆಸ್ಟಿಗೆ ಸೇರಿಸಿ: ಒಳಗೆ ಯಾವ ಲಿಪಿಯ ಅಂಕಿ ಬಂದರೂ ಹೊರಗೆ ಬರುವುದು ಒಂದೇ ರೂಪ.

ಬೇಡದ್ದನ್ನು ಸೋಸುವ ಬದಲು ಬೇಕಾದ್ದನ್ನೇ ಕಟ್ಟಿ. ಅಸ್ಯೂಮ್ ಅಥವಾ ಫಿಲ್ಟರ್ ಬಳಸಿ ಬೇಡದ ಇನ್‌ಪುಟ್ ಎಸೆಯಬಹುದು. ಅದನ್ನೇ ಜಾಸ್ತಿ ನೆಚ್ಚಿಕೊಂಡರೆ ಹುಟ್ಟಿಸಿದ್ದೆಲ್ಲ ಕಸಕ್ಕೆ ಹೋಗಿ, ಫಿಲ್ಟರ್ ಟೂ ಮಚ್ ಅನ್ನುವ ಹೆಲ್ತ್ ಚೆಕ್ (ಟೆಸ್ಟ್ ಸರಿಯಾಗಿ ಕಟ್ಟಿದೆಯಾ ಅಂತ ಹೈಪಾಥಿಸಿಸ್ ತಾನೇ ನೋಡುವುದು) ದೋಷ ಬರುತ್ತದೆ. ಆ ಎಚ್ಚರಿಕೆಯನ್ನು ಬಾಯಿ ಮುಚ್ಚಿಸುವ ಸೆಟ್ಟಿಂಗ್ ಇದೆ, ಮುಟ್ಟಬೇಡಿ. ಸಮಸಂಖ್ಯೆ ಬೇಕಾದರೆ ಯಾವುದೋ ಪೂರ್ಣಾಂಕ ತೆಗೆದುಕೊಂಡು ಮ್ಯಾಪ್‌ನಿಂದ ಎರಡರಿಂದ ಗುಣಿಸಿ. ಶುರುವಿನ ದಿನಾಂಕ ಮುಗಿಯುವ ದಿನಾಂಕಕ್ಕಿಂತ ಮೊದಲು ಬರಬೇಕಾದರೆ ಎರಡು ದಿನಾಂಕ ಹುಟ್ಟಿಸಿ ವಿಂಗಡಿಸಿ. ಏನನ್ನೂ ಎಸೆಯುವ ಅಗತ್ಯವೇ ಬರುವುದಿಲ್ಲ.

## ಹಂತ 7: ಒಮ್ಮೆ ಪಾಸ್, ಒಮ್ಮೆ ಫೇಲ್ ಆದರೆ

ಕಾರಣಗಳು ಕೆಲವೇ. ಫಂಕ್ಷನ್ ಒಳಗೆ ಈಗಿನ ಸಮಯವನ್ನೋ ರ‍್ಯಾಂಡಮ್ ಸಂಖ್ಯೆಯನ್ನೋ ಕೇಳುತ್ತಿದೆ. ಅದನ್ನು ಹೊರಗಿನಿಂದ ಇನ್‌ಪುಟ್ ಆಗಿ ಕೊಡುವಂತೆ ಬದಲಿಸಿ.

ಅಥವಾ ಹಿಂದಿನ ಓಟದ ಎಂಜಲು ಉಳಿದಿದೆ. ಪೈಟೆಸ್ಟ್‌ನ ಫಿಕ್ಸ್‌ಚರ್ (ಟೆಸ್ಟಿಗೆ ಬೇಕಾದ್ದನ್ನು ಮೊದಲೇ ತಯಾರು ಮಾಡುವ ಫಂಕ್ಷನ್) ಬಳಸುವವರು ಇಲ್ಲಿ ಬೀಳುತ್ತಾರೆ. ಫಿಕ್ಸ್‌ಚರ್ ಟೆಸ್ಟಿಗೆ ಒಂದು ಸಲ ತಯಾರಾಗುತ್ತದೆ, ಆದರೆ ಆ ಒಂದು ಟೆಸ್ಟಿನೊಳಗೆ ಹೈಪಾಥಿಸಿಸ್ ನೂರು ಇನ್‌ಪುಟ್ ಓಡಿಸುತ್ತದೆ. ಮೊದಲ ಇನ್‌ಪುಟ್ ಸೇರಿಸಿದ ಸಾಲು ನೂರನೆಯದಕ್ಕೂ ಕಾಣುತ್ತದೆ. ಇದಕ್ಕೂ ಹೆಲ್ತ್ ಚೆಕ್ ಎಚ್ಚರಿಕೆ ಇದೆ. ಟೇಬಲ್ ಖಾಲಿ ಮಾಡುವ, ಹೊಸ ಆಬ್ಜೆಕ್ಟ್ ಮಾಡುವ ಕೆಲಸವನ್ನು ಟೆಸ್ಟಿನ ಒಳಗಡೆಯೇ ತನ್ನಿ.

ಅಥವಾ ಕಾಲಮಿತಿ. ಒಂದು ಇನ್‌ಪುಟ್‌ಗೆ 200 ಮಿಲಿಸೆಕೆಂಡ್ ಮೀರಿದರೆ ಹೈಪಾಥಿಸಿಸ್ ಫೇಲ್ ಅನ್ನುತ್ತದೆ. ನಿಮ್ಮ ಕೋಡ್ ಮೊದಲ ಸಲ ದೊಡ್ಡ ಫೈಲ್ ಓದುವಂಥದ್ದಾದರೆ ಮೊದಲನೆಯದು ಮಾತ್ರ ನಿಧಾನ. ನಿಧಾನವಾಗುವುದು ಸಹಜ ಅಂತ ಖಚಿತವಾದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಲೈನ್ ಏರಿಸಿ. ಖಚಿತವಾಗುವ ಮೊದಲು ಬೇಡ.

## ಹಂತ 8: ಬೇಕಂತಲೇ ಕೋಡ್ ಕೆಡಿಸಿ

ಪಾಸ್ ಆದ ಟೆಸ್ಟ್ ಗಟ್ಟಿ ಅಂತ ತಿಳಿಯಲು ನನಗೆ ಗೊತ್ತಿರುವ ನಂಬಿಕೆಯ ದಾರಿ ಇದು. ಕೋಡ್ ಅನ್ನು ಗಿಟ್‌ನಲ್ಲಿ ಕಮಿಟ್ ಮಾಡಿ, ಅಂದರೆ ಈಗಿನ ರೂಪ ಉಳಿಸಿ. ಆಮೇಲೆ ಹಂಚು ಫಂಕ್ಷನ್ನಿನಲ್ಲಿ ಶೇಷ ಸೇರಿಸುವ ಸಾಲು ಅಳಿಸಿ, ಟೆಸ್ಟ್ ಓಡಿಸಿ. ಫೇಲ್ ಆಗಬೇಕು. ಹಿಂದಕ್ಕೆ ತನ್ನಿ. ಈಗ ಶೇಷವನ್ನೆಲ್ಲ ಮೊದಲನೆಯವರಿಗೇ ಸೇರಿಸಿ. ಮೂರನೇ ನಿಯಮ ಹಿಡಿಯಬೇಕು. ಪಿನ್ ಕೋಡಿನಲ್ಲಿ 100000ಕ್ಕಿಂತ ಕಮ್ಮಿ ಅನ್ನುವುದನ್ನು 100000ಕ್ಕೆ ಸಮ ಅಥವಾ ಕಮ್ಮಿ ಅಂತ ಬದಲಿಸಿ. ನಮ್ಮ ಟೆಸ್ಟ್ ಇದನ್ನು ಹಿಡಿಯುವುದಿಲ್ಲ! 100000 ಸರಿ, 099999 ತಪ್ಪು ಅನ್ನುವ ಎರಡು ಎಕ್ಸಾಂಪಲ್ ಸಾಲುಗಳನ್ನು ಕೈಯಲ್ಲೇ ಸೇರಿಸಬೇಕು ಅಂತ ಆಗ ಗೊತ್ತಾಗುತ್ತದೆ. ಗಡಿಯ ಸಂಖ್ಯೆಗಳನ್ನು ಟೂಲಿನ ಅದೃಷ್ಟಕ್ಕೆ ಬಿಡಬೇಡಿ.

ಇದನ್ನೇ ಯಂತ್ರದಿಂದ ಮಾಡಿಸಬಹುದು, ಮ್ಯೂಟೇಶನ್ ಟೆಸ್ಟಿಂಗ್ ಅನ್ನುತ್ತಾರೆ. ಪೈಥಾನಿಗೆ ಮ್ಯೂಟ್‌ಮಟ್ ಅನ್ನುವ ಟೂಲ್ ಇದೆ. ಕೋಡಿನಲ್ಲಿ ಒಂದೊಂದೇ ಚಿಹ್ನೆ ಬದಲಿಸಿ, ಯಾವ ಬದಲಾವಣೆಯನ್ನು ನಿಮ್ಮ ಟೆಸ್ಟ್ ಹಿಡಿಯಲಿಲ್ಲ ಅಂತ ಪಟ್ಟಿ ಕೊಡುತ್ತದೆ. ನಿಧಾನ, ಹಾಗಾಗಿ ಒಂದೆರಡು ಮುಖ್ಯ ಫೈಲ್‌ಗಳಿಗೆ ಮಾತ್ರ ಓಡಿಸಿ. ಕವರೇಜ್ ಶೇಕಡಾ 100 ಬಂತು ಅಂತ ಈ ಹಂತ ಬಿಡಬೇಡಿ. ಸಾಲು ಓಡಿತು ಅಂತ ಮಾತ್ರ ಕವರೇಜ್ ಹೇಳುತ್ತದೆ. ಉತ್ತರವನ್ನು ಯಾರಾದರೂ ಪರೀಕ್ಷಿಸಿದರಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

## ಹಂತ 9: ಟೆಸ್ಟನ್ನೇ ಬರೆದುಕೊಡುವ ಟೂಲ್‌ಗಳು

ನಿಯಮ ಕೇಳದೆ ಪೂರ್ತಿ ಟೆಸ್ಟ್ ಫೈಲ್ ಬರೆದುಕೊಡುವ ಟೂಲ್‌ಗಳಿವೆ. ಪೈಥಾನಿಗೆ ಪಿಂಗ್ವಿನ್, ಜಾವಾಗೆ ಎವೊಸೂಟ್ ಮತ್ತು ರ‍್ಯಾಂಡೂಪ್. ಇತ್ತೀಚೆಗೆ ಎಐ ಸಹಾಯಕಗಳೂ ಬರೆದುಕೊಡುತ್ತವೆ. ಇವನ್ನು ಬಳಸುವ ಮೊದಲು ಒಂದು ವಿಷಯ ತಿಳಿದಿರಲಿ.

ಮೊದಲ ಮೂರು ಟೂಲ್‌ಗಳು ಕೋಡ್ ಓಡಿಸಿ, ಬಂದ ಉತ್ತರವನ್ನೇ ಸರಿಯಾದ ಉತ್ತರ ಅಂತ ಬರೆದುಕೊಳ್ಳುತ್ತವೆ. ನಮ್ಮ ಹಳೆಯ ಹಂಚು ಫಂಕ್ಷನ್ ಕೊಟ್ಟಿದ್ದರೆ, 10000 ಪೈಸೆಯನ್ನು 3 ಜನಕ್ಕೆ ಹಂಚಿದರೆ ಮೂರು 3333 ಬರಬೇಕು ಅಂತ ಟೆಸ್ಟ್ ಬರೆಯುತ್ತಿದ್ದವು. ದೋಷವೇ ನಿಯಮವಾಗುತ್ತಿತ್ತು. ನಾಳೆ ನೀವು ದೋಷ ತಿದ್ದಿದರೆ ಟೆಸ್ಟ್ ಫೇಲ್ ಆಗುತ್ತಿತ್ತು. ಕೋಡ್ ನೋಡಿ ಟೆಸ್ಟ್ ಬರೆಯುವ ಎಐ ಕೂಡ ಇದೇ ಗುಂಡಿಗೆ ಬೀಳಬಹುದು.

ಹಾಗಂತ ಉಪಯೋಗ ಇಲ್ಲ ಅನ್ನಲಾರೆ. ಟೆಸ್ಟೇ ಇಲ್ಲದ ಹಳೇ ಕೋಡ್ ಕೈಗೆ ಬಂದಿದೆ, ಅದರ ನಡವಳಿಕೆ ಬದಲಾಗದಂತೆ ಒಳಗಿನ ರಚನೆ ತಿದ್ದಬೇಕು ಅನ್ನುವಾಗ ಇವು ಒಳ್ಳೆಯ ಕಾವಲು. ಅಂಥ ಟೆಸ್ಟ್‌ಗಳನ್ನು ಬೇರೆ ಫೋಲ್ಡರಿನಲ್ಲಿಡಿ, "ಇದು ಈಗಿನ ನಡವಳಿಕೆ, ಸರಿ ಅಂತ ಯಾರೂ ನೋಡಿಲ್ಲ" ಅಂತ ಮೇಲೆ ಬರೆಯಿರಿ. ಪಿಂಗ್ವಿನ್ ಅಂತೂ ಅಪಾಯ ಗೊತ್ತಿದೆ ಅಂತ ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದನ್ನು ನೀವು ಇಡುವವರೆಗೂ ಓಡುವುದೇ ಇಲ್ಲ. ಹಂತ 1ರ ಎಚ್ಚರಿಕೆ ನೆನಪಿಸಿಕೊಳ್ಳಿ, ಕಂಟೇನರ್ (ಉಳಿದ ಕಂಪ್ಯೂಟರಿನಿಂದ ಬೇರ್ಪಡಿಸಿದ ಜಾಗ) ಒಳಗೆ ಓಡಿಸಿ.

ಫಾರ್ಮ್‌ಗಳನ್ನು, ಸೆಟ್ಟಿಂಗ್‌ಗಳನ್ನು ಪರೀಕ್ಷಿಸುವವರಿಗೆ ಬೇರೆ ದಾರಿ ಇದೆ. 4 ಬ್ರೌಸರ್, 3 ಭಾಷೆ, 5 ಪಾವತಿ ವಿಧಾನ, 2 ಬಗೆಯ ಬಳಕೆದಾರರು ಅಂದರೆ 120 ಜೋಡಣೆ. ಯಾವುದೇ ಎರಡು ಆಯ್ಕೆಗಳ ಪ್ರತಿ ಜೋಡಿ ಒಂದು ಸಲವಾದರೂ ಬಂದರೆ ಸಾಕು ಅಂದುಕೊಂಡರೆ ಸುಮಾರು 20 ಕೇಸ್‌ನಲ್ಲಿ ಮುಗಿಯುತ್ತದೆ. ಮೈಕ್ರೋಸಾಫ್ಟ್‌ನ ಪಿಕ್ಟ್ ಈ ಪಟ್ಟಿ ಮಾಡಿಕೊಡುತ್ತದೆ, ಉಚಿತ. ಉತ್ತರದ ಕಾಲಮ್ ಮಾತ್ರ ನೀವೇ ತುಂಬಬೇಕು.

## ಹಂತ 10: ದಿನನಿತ್ಯದ ಓಟಕ್ಕೆ ಸೇರಿಸಿ

ಹೈಪಾಥಿಸಿಸ್ ಸೆಟ್ಟಿಂಗ್ಸ್‌ನಲ್ಲಿ ಎರಡು ಪ್ರೊಫೈಲ್ ಮಾಡಿ. ಒಂದು ಹಗಲಿಗೆ: 100 ಇನ್‌ಪುಟ್, ಪ್ರತಿ ಕಮಿಟ್‌ಗೂ ಓಡುವಂಥದ್ದು. ಇನ್ನೊಂದು ರಾತ್ರಿಗೆ: ಮ್ಯಾಕ್ಸ್ ಎಕ್ಸಾಂಪಲ್ಸ್ 5000 ಅಥವಾ ಇನ್ನೂ ಜಾಸ್ತಿ. ಹಗಲಿನ ಓಟದಲ್ಲಿ ಡೀರ‍್ಯಾಂಡಮೈಸ್ ಅನ್ನುವ ಸೆಟ್ಟಿಂಗ್ ಆನ್ ಮಾಡಿದರೆ ಪ್ರತಿ ಸಲ ಅದೇ ಇನ್‌ಪುಟ್‌ಗಳು ಬರುತ್ತವೆ. ನಿಮ್ಮ ಬದಲಾವಣೆಗೆ ಸಂಬಂಧವೇ ಇಲ್ಲದ ಹಳೇ ದೋಷ ನಿಮ್ಮ ಕಮಿಟ್ ಮೇಲೆ ಬಂದು ಬೀಳುವುದು ತಪ್ಪುತ್ತದೆ. ರಾತ್ರಿಯ ಓಟದಲ್ಲಿ ಅದು ಆಫ್ ಇರಲಿ. ಹೊಸ ಇನ್‌ಪುಟ್ ಹುಡುಕುವುದೇ ಅದರ ಕೆಲಸ.

ರಾತ್ರಿ ಫೇಲ್ ಆದರೆ ಬೆಳಿಗ್ಗೆ ಲಾಗ್‌ನಿಂದ ಫಾಲ್ಸಿಫೈಯಿಂಗ್ ಎಕ್ಸಾಂಪಲ್ ಸಾಲನ್ನು ಕಾಪಿ ಮಾಡಿ, ಎಕ್ಸಾಂಪಲ್ ಡೆಕೊರೇಟರ್ ಆಗಿ ಟೆಸ್ಟಿನ ಮೇಲೆ ಅಂಟಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಓಡಿಸಿ. ಅಲ್ಲೂ ಫೇಲ್ ಆದರೆ ಹಂತ 4ಕ್ಕೆ ಹೋಗಿ. ನಿಮ್ಮಲ್ಲಿ ಪಾಸ್, ಸರ್ವರ್‌ನಲ್ಲಿ ಫೇಲ್ ಅಂತಾದರೆ ಹಂತ 7ರಿಂದ ಶುರು ಮಾಡಿ. ಎರಡೂ ಕಡೆಯ ಪೈಥಾನ್ ಆವೃತ್ತಿ, ಟೈಮ್ ಝೋನ್ ಒಂದೇ ಇದೆಯಾ ಅಂತ ಮೊದಲು ನೋಡಿ. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ), ನಿಮ್ಮದು ಐದೂವರೆ ಗಂಟೆ ಮುಂದೆ ಇದ್ದರೆ, ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಎರಡೂ ಕಡೆ "ಇವತ್ತು" ಬೇರೆ ಬೇರೆ.